ಆನ್‌ಲೈನ್ ಹರಾಜಿನಲ್ಲಿ ಆಫರ್ ಕೊಡುವುದು ಹೇಗೆ? ರೇಟು ಹುಡುಕುವುದರಿಂದ ಪಾರ್ಸಲ್ ಬಿಚ್ಚುವವರೆಗೆ

ಒಮ್ಮೆ ನನ್ನ ಹಳೆಯ ಕ್ಯಾಮೆರಾ ಲೆನ್ಸ್ ಒಂದನ್ನು 100ಕ್ಕೆ ಮಾರಾಟಕ್ಕೆ ಇಟ್ಟಿದ್ದೆ. ಮೊದಲ ದಿನವೇ ಒಂದು ಆಫರ್ ಬಂತು. 20! ಜೊತೆಗೆ ಒಂದು ಸಾಲು: ‘ಇವತ್ತೇ ದುಡ್ಡು ಹಾಕ್ತೀನಿ.’ ಬೇಡ ಎಂದು ಒತ್ತಿ ಸುಮ್ಮನಾದೆ. ಎರಡು ದಿನ ಬಿಟ್ಟು ಅದೇ ವ್ಯಕ್ತಿ 75 ಅಂದರು. ಬೇರೆ ಯಾರಾದರೂ ಕೇಳಿದ್ದರೆ 75ಕ್ಕೆ ಖುಷಿಯಾಗಿ ಕೊಟ್ಟುಬಿಡುತ್ತಿದ್ದೆ. ಇವರಿಗೆ ಕೊಡಲು ಮಾತ್ರ ಮನಸ್ಸು ಬರಲಿಲ್ಲ. ವ್ಯಾಪಾರ ಅಂತ ನೋಡಿದರೆ ಅದು ಪೆದ್ದುತನವೇ, ಒಪ್ಪಿಕೊಳ್ಳುತ್ತೇನೆ. ಆದರೆ ಪರದೆಯ ಆ ಕಡೆ ಕೂತಿರುವವರು ಎಷ್ಟೋ ಸಲ ನನ್ನಂಥ ಪೆದ್ದರೇ.

ಅದಕ್ಕೂ ಮೊದಲು ಕೊಳ್ಳುವವನಾಗಿ ನಾನೂ ಅಂಥ 20ರ ಆಫರ್‌ಗಳನ್ನು ಬೇಕಾದಷ್ಟು ಕಳಿಸಿದ್ದೆ. ಯಾಕೆ ಯಾರೂ ಒಪ್ಪುತ್ತಿಲ್ಲ ಎಂದು ತಲೆ ಕೆರೆದುಕೊಂಡಿದ್ದೆ. ಮಾರುವ ಕಡೆ ಕೂತ ಮೇಲೆ ಗೊತ್ತಾಯಿತು. ಆಫರ್ ಬಂದಾಗ ಮಾರುವವರು ನೋಡುವುದು ಒಂದನ್ನೇ: ಇಷ್ಟಕ್ಕೆ ಕೊಟ್ಟರೆ ನನಗೆ ಗಿಟ್ಟುತ್ತದಾ? ಆ ಪ್ರಶ್ನೆಗೆ ಅವರ ಪರವಾಗಿ ನೀವೇ ಮೊದಲು ಲೆಕ್ಕ ಹಾಕಿಟ್ಟರೆ ಅರ್ಧ ಕೆಲಸ ಮುಗಿಯಿತು. ಆ ಲೆಕ್ಕ ಹೇಗೆ ಹಾಕುವುದು, ಆಮೇಲೆ ಏನು ಮಾಡುವುದು ಎನ್ನುವುದನ್ನು ಕೆಳಗೆ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ. ನಿಯಮಗಳ ವಿಷಯ ಬಂದಾಗ ಹೆಚ್ಚಾಗಿ ಇಬೇ (eBay) ಎಂಬ ಹರಾಜು ತಾಣದ್ದನ್ನೇ ಹೇಳುತ್ತೇನೆ. ಕೊಳ್ಳುವವರು ತಮ್ಮ ಬೆಲೆ ಹೇಳುವ ‘ಬೆಸ್ಟ್ ಆಫರ್’ ಎಂಬ ವ್ಯವಸ್ಥೆ ಅಲ್ಲಿ ಬಹಳ ವರ್ಷಗಳಿಂದ ಇದೆ, ಬೇರೆ ತಾಣಗಳಲ್ಲೂ ಕ್ರಮ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಉದಾಹರಣೆಗಳಲ್ಲಿ ಬರೀ ಅಂಕಿ ಕೊಟ್ಟಿದ್ದೇನೆ, ಕರೆನ್ಸಿ ಯಾವುದು ಬೇಕಾದರೂ ಅಂದುಕೊಳ್ಳಿ.

ಹೆಜ್ಜೆ 1: ಇದು ಯಾವ ಥರದ ಲಿಸ್ಟಿಂಗ್ ನೋಡಿ

ಲಿಸ್ಟಿಂಗ್ ಅಂದರೆ ವಸ್ತುವನ್ನು ಮಾರಾಟಕ್ಕೆ ಇಟ್ಟ ಪುಟ. ಎಲ್ಲ ವಸ್ತುಗಳಿಗೂ ಆಫರ್ ಕೊಡಲು ಆಗುವುದಿಲ್ಲ. ಬರೀ ಹರಾಜು ಇದ್ದರೆ ಅಲ್ಲಿ ಬಿಡ್ ಮಾತ್ರ. ‘ಈಗಲೇ ಕೊಳ್ಳಿ’ ಎಂದು ಒಂದೇ ಬೆಲೆ ಹಾಕಿದ್ದರೆ ಆ ಬೆಲೆ ಕೊಟ್ಟು ಕೊಳ್ಳಬೇಕು. ಅದರ ಕೆಳಗೆ ‘ಆಫರ್ ಮಾಡಿ’ ಎಂಬ ಬಟನ್ ಇದ್ದರೆ ಮಾತ್ರ ಚೌಕಾಶಿಗೆ ಬಾಗಿಲು ತೆರೆದಿದೆ ಎಂದರ್ಥ. ಆ ಬಟನ್ ಅನ್ನು ಸಾಮಾನ್ಯವಾಗಿ ಮಾರುವವರೇ ಒಪ್ಪಿ ಇಟ್ಟಿರುತ್ತಾರೆ. ಹಾಗಾಗಿ ಕೇಳಲು ಸಂಕೋಚ ಬೇಡ. ಅವರು ಹಾಕಿದ ಬೆಲೆಯಲ್ಲಿ ಬಿಟ್ಟುಕೊಡಲು ಸ್ವಲ್ಪ ಜಾಗ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ನಾಲ್ಕನೆಯ ಥರ ಸ್ವಲ್ಪ ವಿಚಿತ್ರ. ಹರಾಜೂ ಇದೆ, ಆಫರ್ ಬಟನ್ ಕೂಡ ಇದೆ. ಇದರ ಕಥೆ ಬೇರೆಯೇ, ಹೆಜ್ಜೆ 8ರಲ್ಲಿ ಬರುತ್ತದೆ.

ಹೆಜ್ಜೆ 2: ನಿಜವಾದ ರೇಟು ಹುಡುಕಿ

ಇಲ್ಲಿ ಎಷ್ಟು ಹೊತ್ತು ಕಳೆದರೂ ನಷ್ಟವಿಲ್ಲ. ಹೆಚ್ಚಿನವರು ಎಡವುವುದೂ ಇಲ್ಲೇ. ಅದೇ ವಸ್ತುವನ್ನು ಬೇರೆಯವರು ಎಷ್ಟಕ್ಕೆ ಇಟ್ಟಿದ್ದಾರೆ ಎಂದು ನೋಡಿ, ಅದನ್ನೇ ಮಾರುಕಟ್ಟೆ ಬೆಲೆ ಅಂದುಕೊಳ್ಳುತ್ತಾರೆ. ಇಟ್ಟ ಬೆಲೆ ಅಂದರೆ ಬರೀ ಆಸೆ. ಯಾರು ಎಷ್ಟು ಬೇಕಾದರೂ ಆಸೆ ಪಡಬಹುದು ಅಲ್ವಾ? ನಿಮಗೆ ಬೇಕಿರುವುದು ಯಾರೋ ನಿಜವಾಗಿ ಜೇಬಿನಿಂದ ತೆಗೆದುಕೊಟ್ಟ ಬೆಲೆ.

ಇಬೇಯಲ್ಲಿ ಹುಡುಕಿದ ಮೇಲೆ ಫಿಲ್ಟರ್‌ಗಳಲ್ಲಿ ‘ಮಾರಾಟವಾದ ವಸ್ತುಗಳು’ ಎಂಬುದನ್ನು ಆರಿಸಿಕೊಳ್ಳಿ. ಸುಮಾರು ಕಳೆದ 90 ದಿನಗಳಲ್ಲಿ ಮಾರಾಟವಾದವು ಕಾಣಿಸುತ್ತವೆ. ಇಲ್ಲಿ ಒಂದು ಸಣ್ಣ ಬಲೆ ಇದೆ. ಕೆಲವು ಬೆಲೆಗಳ ಮೇಲೆ ಅಡ್ಡಗೆರೆ ಎಳೆದಿರುತ್ತದೆ, ಪಕ್ಕದಲ್ಲಿ ಆಫರ್ ಒಪ್ಪಲಾಗಿದೆ ಎಂದು ಬರೆದಿರುತ್ತದೆ. ಅಂದರೆ ಕಾಣುತ್ತಿರುವುದು ಮಾರುವವರು ಮೊದಲು ಹಾಕಿದ್ದ ಬೆಲೆ. ಮಾರಾಟವಾಗಿದ್ದು ಅದಕ್ಕಿಂತ ಕಡಿಮೆಗೆ, ಎಷ್ಟಕ್ಕೆ ಎಂದು ಅಲ್ಲಿ ತೋರಿಸುವುದಿಲ್ಲ. ಗೆರೆ ಎಳೆದ ಅಂಕಿಗಳನ್ನು ಲೆಕ್ಕಕ್ಕೆ ಹಿಡಿದರೆ ನಿಮ್ಮ ಸರಾಸರಿ ಸುಮ್ನೆ ಮೇಲೆ ಹೋಗುತ್ತದೆ. ಅವುಗಳಿಂದ ಕಲಿಯುವುದು ಒಂದೇ: ಈ ವಸ್ತುವಿಗೆ ಚೌಕಾಶಿ ನಡೆಯುತ್ತದೆ.

ಈಗ ಒಂದು ಲೆನ್ಸ್ ಇಟ್ಟುಕೊಂಡು ಲೆಕ್ಕ ಮಾಡೋಣ. 50 ಎಂಎಂ ಹಳೆಯ ಲೆನ್ಸ್. ಬೆಲೆ 120, ಶಿಪ್ಪಿಂಗ್ 15, ಒಟ್ಟು 135. ಮಾರಾಟವಾದವುಗಳಲ್ಲಿ ಗೆರೆ ಎಳೆದವನ್ನು ಬಿಟ್ಟಾಗ ಆರು ಸಿಕ್ಕವು ಅನ್ನಿ. ಶಿಪ್ಪಿಂಗ್ ಸೇರಿಸಿದರೆ ಅವುಗಳ ಬೆಲೆ 60, 96, 102, 105, 110, 148. 60ಕ್ಕೆ ಹೋದದ್ದರ ಫೋಟೋ ದೊಡ್ಡದು ಮಾಡಿ ನೋಡಿದರೆ ಗಾಜಿನೊಳಗೆ ಜೇಡರ ಬಲೆಯಂಥ ಗೆರೆಗಳಿವೆ, ಫಂಗಸ್. 148ರದ್ದು ಡಬ್ಬಿ, ಮುಚ್ಚಳ, ಕೈಪಿಡಿ ಎಲ್ಲ ಇದ್ದ ಹೊಸದರಂಥದ್ದು. ಎರಡನ್ನೂ ಪಕ್ಕಕ್ಕಿಡಿ. ಉಳಿದ ನಾಲ್ಕರ ನಡುವಿನ ಬೆಲೆ 103ರ ಹತ್ತಿರ. ನಿಮ್ಮ ಲೆನ್ಸ್‌ಗೆ ಶಿಪ್ಪಿಂಗ್ 15 ಬೇರೆ ಇರುವುದರಿಂದ ಲೆನ್ಸ್‌ನ ಪಾಲು 88 ಆಸುಪಾಸು. 120 ಎಂದು ಬರೆದಿರುವ ವಸ್ತುವಿನ ಚಾಲ್ತಿ ರೇಟು 88. ಈ ಒಂದು ಅಂಕಿ ಕೈಯಲ್ಲಿಲ್ಲದೆ ಆಫರ್ ಬಟನ್ ಮುಟ್ಟಬೇಡಿ.

ಹೋಲಿಸುವಾಗ ಒಂದೇ ಥರದವನ್ನೇ ಹೋಲಿಸಿ. ಕೆಲಸ ಮಾಡುವುದಕ್ಕೂ ‘ಪರೀಕ್ಷಿಸಿಲ್ಲ’ ಎಂದು ಬರೆದದ್ದಕ್ಕೂ ಆಕಾಶ ಭೂಮಿ ಅಂತರ. ‘ಪರೀಕ್ಷಿಸಿಲ್ಲ’ ಅಂದರೆ ಕೆಟ್ಟಿದೆ ಎಂದೇ ನಾನು ಲೆಕ್ಕ ಹಾಕುವುದು. ಬ್ಯಾಟರಿ ಹಾಕಿ ನೋಡಲು ಎರಡು ನಿಮಿಷ ಸಾಕು, ಅಷ್ಟೂ ಮಾಡದವರು ಯಾಕೆ ಮಾಡಲಿಲ್ಲ ಎಂದು ಕೇಳಿಕೊಳ್ಳಿ. ಹಾಗಂತ ಕೆಟ್ಟದ್ದಕ್ಕೆ ಬೆಲೆಯೇ ಇಲ್ಲ ಎಂದೂ ಅಲ್ಲ. ಇಬೇ 1995ರಲ್ಲಿ ಶುರುವಾದಾಗ ಅದರ ಸ್ಥಾಪಕ ಪಿಯರ್ ಒಮಿಡ್ಯಾರ್ ಮೊದಲು ಮಾರಿದ್ದೇ ಕೆಟ್ಟುಹೋದ ಲೇಸರ್ ಪಾಯಿಂಟರ್. ಹೋದದ್ದು 14.83 ಡಾಲರ್‌ಗೆ. ಕೊಂಡವರಿಗೆ ಅದು ಕೆಟ್ಟಿದೆ ಎಂದು ಗೊತ್ತಿತ್ತಂತೆ, ಅಂಥವನ್ನು ಸಂಗ್ರಹಿಸುವ ಹವ್ಯಾಸವಂತೆ. ಹಾಗಾಗಿ ಅಪರೂಪದ ವಸ್ತುವಿಗೆ ಒಂದೇ ಒಂದು ಹಳೆಯ ಮಾರಾಟ ಸಿಕ್ಕಿದರೆ ಅದನ್ನೇ ನಂಬಿ ಕೂರಬೇಡಿ. ಆ ದಿನ ಅಂಥ ಹವ್ಯಾಸಿ ಒಬ್ಬರು ಬಂದಿದ್ದಿರಬಹುದು.

ಹೆಜ್ಜೆ 3: ಮಾರುವವರನ್ನು ಓದಿ

ರೇಟು ಗೊತ್ತಾಯಿತು. ಈಗ ಈ ಮನುಷ್ಯ ಎಷ್ಟು ಇಳಿಯಬಹುದು ಎಂದು ಅಂದಾಜು ಮಾಡಬೇಕು. ಲಿಸ್ಟಿಂಗ್ ಪುಟದಲ್ಲೇ ಅದಕ್ಕೆ ಸುಳಿವುಗಳಿರುತ್ತವೆ.

ಮೊದಲನೆಯದು ಲಿಸ್ಟಿಂಗ್‌ನ ವಯಸ್ಸು. ಇಬೇಯಲ್ಲಿ ಒಂದೇ ಬೆಲೆಯ ಲಿಸ್ಟಿಂಗ್‌ಗಳು ಮಾರುವವರು ತೆಗೆಯುವವರೆಗೂ ತಿಂಗಳು ತಿಂಗಳು ತಾವಾಗಿಯೇ ನವೀಕರಣ ಆಗುತ್ತಿರುತ್ತವೆ. ನಿನ್ನೆ ಹಾಕಿದವರು ಇಳಿಯುವುದು ಕಷ್ಟ, ಪೂರ್ತಿ ಬೆಲೆಗೆ ಯಾರಾದರೂ ಬಂದಾರು ಎಂಬ ಆಸೆ ಇನ್ನೂ ಬಿಸಿಯಾಗಿರುತ್ತದೆ. ಹಾಕಿ ಮೂರ್ನಾಲ್ಕು ತಿಂಗಳಾದವರು ಮೆತ್ತಗಾಗಿರುತ್ತಾರೆ. ಬೇಕಾದದ್ದನ್ನು ವಾಚ್‌ಲಿಸ್ಟ್‌ಗೆ, ಅಂದರೆ ಕಣ್ಣಿಡಬೇಕಾದ ವಸ್ತುಗಳ ಪಟ್ಟಿಗೆ ಹಾಕಿ, ನೋಡಿದ ದಿನಾಂಕ ಎಲ್ಲಾದರೂ ಬರೆದಿಟ್ಟುಕೊಳ್ಳಿ. ನಡುವೆ ಬೆಲೆ ಒಮ್ಮೆ ಇಳಿದಿದ್ದರೆ ಇನ್ನೊಮ್ಮೆಯೂ ಇಳಿಯಬಹುದು.

ಎರಡನೆಯದು ಅಂಕಿಯ ಆಕಾರ. 100, 200, 500 ಎಂದು ಗುಂಡಗೆ ಬೆಲೆ ಹಾಕಿದವರು, 197 ಅಥವಾ 512 ಎಂದು ಹಾಕಿದವರು. ಇಬ್ಬರ ನಡುವೆ ವ್ಯತ್ಯಾಸ ಇದೆಯಾ? ಇಬೇಯ ಮಾಹಿತಿ ಇಟ್ಟುಕೊಂಡು ಅರ್ಥಶಾಸ್ತ್ರಜ್ಞರು ಇದನ್ನೇ ನೋಡಿದ್ದಾರೆ. ನೂರರ ಗುಣಕದಲ್ಲಿ ಬೆಲೆ ಹಾಕಿದ ವಸ್ತುಗಳಿಗೆ ಬರುವ ಆಫರ್‌ಗಳು ಕಡಿಮೆ ಮೊತ್ತದವು, ಆದರೆ ಅವು ಮಾರಾಟವಾಗುವ ಸಾಧ್ಯತೆ ಜಾಸ್ತಿ. ಗುಂಡಗಿನ ಅಂಕಿ ಒಂಥರಾ ‘ಬೇಗ ಹೋದರೆ ಸಾಕು, ಮಾತಾಡೋಣ ಬನ್ನಿ’ ಎಂದು ಸನ್ನೆ ಮಾಡಿದಂತೆ. 512 ಅಂದವರು ಲೆಕ್ಕ ಹಾಕಿಯೇ ಹಾಕಿರುತ್ತಾರೆ.

ಮೂರನೆಯದು ಇವರು ಯಾರು ಎನ್ನುವುದು. ಅವರ ಬೇರೆ ಲಿಸ್ಟಿಂಗ್‌ಗಳನ್ನು ತೆರೆದು ನೋಡಿ. ಅದೇ ಲೆನ್ಸ್ ಹತ್ತು ಇಟ್ಟುಕೊಂಡ ವ್ಯಾಪಾರಿಯಾದರೆ ಅವರಿಗೆ ಕಟ್ಟುನಿಟ್ಟಾದ ಲಾಭದ ಲೆಕ್ಕ ಇರುತ್ತದೆ. ಅಲ್ಲಿ ಭಾವನೆಗೆ ಜಾಗವಿಲ್ಲ, ಬೇಜಾರೂ ಇಲ್ಲ. ಮನೆ ಖಾಲಿ ಮಾಡುತ್ತಿರುವವರು, ಹವ್ಯಾಸ ಬಿಟ್ಟು ಎಲ್ಲ ಒಟ್ಟಿಗೆ ಮಾರುತ್ತಿರುವವರು ಬೇರೆ ಥರ. ಅವರಿಗೆ ವಸ್ತು ಒಳ್ಳೆಯ ಕೈ ಸೇರಬೇಕು ಎಂಬ ಆಸೆಯೂ ಇರುತ್ತದೆ, ಬೇಗ ಹೋಗಲಿ ಎಂಬ ಆತುರವೂ ಇರುತ್ತದೆ. ಒಬ್ಬರಲ್ಲೇ ನಿಮಗೆ ಬೇಕಾದ ಎರಡು ವಸ್ತು ಇದ್ದರೆ ಅದೇ ನಿಮ್ಮ ದೊಡ್ಡ ಬಲ. ಒಂದೇ ಡಬ್ಬಿ, ಒಂದೇ ಶಿಪ್ಪಿಂಗ್, ಒಂದೇ ಸಲ ಪೋಸ್ಟ್‌ಗೆ ಓಡಾಟ. ಅವರಿಗೆ ಉಳಿಯುವ ದುಡ್ಡಿನಲ್ಲಿ ನಿಮಗೂ ಪಾಲು ಕೇಳಬಹುದು.

ಇನ್ನೊಂದು ಮಾತು. ಮಾರಿದ ದುಡ್ಡೆಲ್ಲ ಅವರ ಕೈಗೆ ಬರುವುದಿಲ್ಲ. ಇಬೇ ಅಮೆರಿಕದಲ್ಲಿ ಬಹಳಷ್ಟು ವಿಭಾಗಗಳಲ್ಲಿ ಶೇ. 13ಕ್ಕಿಂತ ಹೆಚ್ಚು ಕಮಿಷನ್ ಹಿಡಿದುಕೊಳ್ಳುತ್ತದೆ, ಅದೂ ಶಿಪ್ಪಿಂಗ್ ಸೇರಿದ ಒಟ್ಟು ಮೊತ್ತದ ಮೇಲೆ. ನೀವು 88 ಅಂದಾಗ ಅವರ ಕಣ್ಣಿಗೆ ಕಾಣುವುದು 75ರ ಆಸುಪಾಸಿನ ಅಂಕಿ. ‘ಬರೀ ಹತ್ತು ತಾನೇ ಇಳಿಸಿ’ ಎನ್ನುವ ಮುಂಚೆ ಇದು ನೆನಪಿರಲಿ.

ಹೆಜ್ಜೆ 4: ನಿಮ್ಮ ಕಟ್ಟಕಡೆಯ ರೇಟು ಬರೆದಿಡಿ

ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಲದು, ಬರೆಯಿರಿ. ಚೌಕಾಶಿ ಬಿಸಿ ಏರಿದಾಗ ಮನಸ್ಸಿನಲ್ಲಿದ್ದ ಅಂಕಿ ಮೇಣದ ಹಾಗೆ ಕರಗುತ್ತದೆ. ನಮ್ಮ ಲೆನ್ಸ್‌ಗೆ ಶಿಪ್ಪಿಂಗ್ ಸೇರಿ 110 ಎಂದು ಬರೆದುಕೊಂಡೆವು ಅನ್ನಿ. ಅಂದರೆ ಆಫರ್‌ನಲ್ಲಿ 95ರ ಮೇಲೆ ಹೋಗುವ ಹಾಗಿಲ್ಲ.

ಈ ಅಂಕಿಯಲ್ಲಿ ಎಲ್ಲ ಖರ್ಚೂ ಇರಲಿ. ವಸ್ತು ಬೇರೆ ದೇಶದಿಂದ ಬರುವುದಾದರೆ ಆಮದು ತೆರಿಗೆ, ಕರೆನ್ಸಿ ಬದಲಾವಣೆಗೆ ಬ್ಯಾಂಕ್ ಕತ್ತರಿಸುವ ದುಡ್ಡು, ರಿಪೇರಿ ಬೇಕಿದ್ದರೆ ಅದರ ಖರ್ಚು. ಆಫರ್ ಅನ್ವಯಿಸುವುದು ವಸ್ತುವಿನ ಬೆಲೆಗೆ ಮಾತ್ರ, ಶಿಪ್ಪಿಂಗ್ ಅದರ ಮೇಲೆ ಬೇರೆ ಬೀಳುತ್ತದೆ. ಕಡಿಮೆ ಬೆಲೆ ಹಾಕಿ ಶಿಪ್ಪಿಂಗ್‌ನಲ್ಲಿ ಕಿತ್ತುಕೊಳ್ಳುವವರೂ ಇದ್ದಾರೆ.

ಹೆಜ್ಜೆ 5: ಮೊದಲ ಆಫರ್ ಎಷ್ಟು?

ಎಲ್ಲರೂ ಕೇಳುವ ಪ್ರಶ್ನೆ ಇದೇ. ‘ಹಾಕಿದ ಬೆಲೆಯಲ್ಲಿ ಇಷ್ಟು ಶೇಕಡಾ ಕಮ್ಮಿ ಮಾಡಿ ಕೇಳಿ’ ಎಂಬ ಸೂತ್ರಗಳು ಬೇಕಾದಷ್ಟಿವೆ. ನನಗೆ ಅವುಗಳಲ್ಲಿ ನಂಬಿಕೆ ಇಲ್ಲ. ಮಾರುವವರು 120ರ ಬದಲು 300 ಹಾಕಿದ್ದರೆ? ಶೇ. 20 ಕಮ್ಮಿ ಮಾಡಿ 240 ಕೊಟ್ಟು ಗೆದ್ದೆ ಎಂದು ಬೀಗಬೇಕಾಗುತ್ತದೆ. ಶುರು ಮಾಡಬೇಕಾದದ್ದು ಅವರ ಬೆಲೆಯಿಂದ ಅಲ್ಲ, ಹೆಜ್ಜೆ 2ರಲ್ಲಿ ಸಿಕ್ಕ ಚಾಲ್ತಿ ರೇಟಿನಿಂದ.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಬೇಯ 2.5 ಕೋಟಿಗೂ ಹೆಚ್ಚು ಲಿಸ್ಟಿಂಗ್‌ಗಳ ಚೌಕಾಶಿಯನ್ನು ಜಾಲಾಡಿತು. ಅದರಲ್ಲಿ ಎದ್ದು ಕಂಡ ಒಂದು ಅಭ್ಯಾಸ ನಮಗೆಲ್ಲ ಗೊತ್ತಿರುವುದೇ: ಜನರಿಗೆ ನಡುವಿನ ಅಂಕಿ ಇಷ್ಟ. ನಿಮ್ಮದೂ ಬೇಡ, ನನ್ನದೂ ಬೇಡ, ಮಧ್ಯಕ್ಕೆ ಬನ್ನಿ. ಹಾಗಾಗಿ ನಿಮ್ಮ ಮೊದಲ ಅಂಕಿ ಆ ಮಧ್ಯ ಎಲ್ಲಿ ಬೀಳುತ್ತದೆ ಎನ್ನುವುದನ್ನು ಸಾಕಷ್ಟು ಮಟ್ಟಿಗೆ ತೀರ್ಮಾನಿಸುತ್ತದೆ. ಚಾಲ್ತಿ ರೇಟು 88, ನಿಮ್ಮ ಮಿತಿ 95. ಮೊದಲಿಗೇ 88 ಅಂದುಬಿಟ್ಟರೆ ಅವರು 110 ಅನ್ನುತ್ತಾರೆ, ಮಧ್ಯ 99ಕ್ಕೆ ಬಂತು, ಮಿತಿ ದಾಟಿತು. 78 ಅಂದರೆ ಮಧ್ಯ 94.

ಹಾಗಾದರೆ 40 ಎಂದರೆ ಇನ್ನೂ ಲಾಭ ಅಲ್ವಾ ಎನ್ನಬೇಡಿ. ಮಾರುವವರು ಇಂತಿಷ್ಟಕ್ಕಿಂತ ಕಮ್ಮಿ ಬಂದರೆ ತಾನಾಗಿ ತಿರಸ್ಕರಿಸು, ಇಂತಿಷ್ಟಕ್ಕಿಂತ ಜಾಸ್ತಿ ಬಂದರೆ ತಾನಾಗಿ ಒಪ್ಪು ಎಂದು ಮೊದಲೇ ಸೆಟ್ ಮಾಡಿಡಬಹುದು. 40 ಅವರ ಕಣ್ಣಿಗೂ ಬೀಳದೆ ವಾಪಸ್ ಬರಬಹುದು. ಇಬೇಯಲ್ಲಿ ಹೆಚ್ಚಿನ ವಿಭಾಗಗಳಲ್ಲಿ ಒಂದು ವಸ್ತುವಿಗೆ ಒಬ್ಬರಿಗೆ ಸಿಗುವುದು 5 ಆಫರ್ ಮಾತ್ರ. ಒಂದು ಸುಮ್ನೆ ಹಾಳಾಯಿತು. ಯಂತ್ರ ತಡೆಯದಿದ್ದರೆ ನನ್ನ 20ರ ಗಿರಾಕಿಗೆ ಆದದ್ದೇ ಆಗುತ್ತದೆ.

ಕಳಿಸಿದ ಕ್ಷಣದಲ್ಲೇ ‘ತಿರಸ್ಕೃತ’ ಎಂದು ಬಂದರೆ ಮಾರುವವರು ಸಿಟ್ಟಾಗಿದ್ದಾರೆ ಎಂದುಕೊಳ್ಳಬೇಡಿ, ಅದು ಯಂತ್ರದ ಕೆಲಸ. ಅವರ ಕೆಳಗಿನ ಗೆರೆ ಅದಕ್ಕಿಂತ ಮೇಲಿದೆ ಎಂಬ ಮಾಹಿತಿ ನಿಮಗೆ ಬಿಟ್ಟಿಯಾಗಿ ಸಿಕ್ಕಿತು. ಹಾಗಂತ ಒಂದೊಂದೇ ಏರಿಸುತ್ತಾ ಆ ಗೆರೆ ಹುಡುಕಲು ಹೋದರೆ ಐದೂ ಖರ್ಚಾಗಿಬಿಡುತ್ತವೆ. ಒಂದು ದೊಡ್ಡ ಹೆಜ್ಜೆ ಇಟ್ಟು ನೋಡಿ, ಸಾಕು.

ನನ್ನ ರೂಢಿ ಇಷ್ಟು: ಚಾಲ್ತಿ ರೇಟಿಗಿಂತ ಹತ್ತು ಹನ್ನೆರಡು ಶೇಕಡಾ ಕೆಳಗೆ ಶುರು. ಅಪರೂಪದ ವಸ್ತುವಾದರೆ, ನೋಡುತ್ತಿರುವವರು ಬಹಳ ಜನ ಇದ್ದರೆ ಆಟ ಆಡುವುದಿಲ್ಲ, ಮೊದಲೇ ಚಾಲ್ತಿ ರೇಟು ಹೇಳಿಬಿಡುತ್ತೇನೆ. ಹಾಕಿದ ಬೆಲೆಯೇ ಚಾಲ್ತಿ ರೇಟಿಗಿಂತ ಕಡಿಮೆ ಇದ್ದರೆ ಆಫರ್ ಯೋಚನೆ ಬಿಟ್ಟು ತಕ್ಷಣ ಕೊಂಡುಬಿಡಿ. ಎರಡು ಉಳಿಸಲು ಹೋಗಿ ಇಡೀ ವಸ್ತುವನ್ನೇ ಕಳೆದುಕೊಂಡ ಅನುಭವ ನನಗೆ ಒಂದಲ್ಲ, ಮೂರು ಸಲ ಆಗಿದೆ. ಯಾಕೆಂದರೆ ನಿಮ್ಮ ಆಫರ್ ಕಾಯುತ್ತಿರುವಾಗ ವಸ್ತುವನ್ನು ಯಾರೂ ನಿಮಗಾಗಿ ತೆಗೆದಿಡುವುದಿಲ್ಲ. ಬೇರೆಯವರು ಪೂರ್ತಿ ಬೆಲೆ ಕೊಟ್ಟು ಎತ್ತಿಕೊಂಡು ಹೋಗಬಹುದು.

ಹೆಜ್ಜೆ 6: ಜೊತೆಗೆ ಎರಡು ಸಾಲು ಬರೆಯಿರಿ

ಆಫರ್ ಜೊತೆ ಸಂದೇಶ ಸೇರಿಸುವ ಜಾಗ ಇರುತ್ತದೆ. ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ಇನ್ನು ಕೆಲವರು ಕಷ್ಟಸುಖ ಎಲ್ಲ ತೋಡಿಕೊಳ್ಳುತ್ತಾರೆ. ಎರಡೂ ಬೇಡ. ಅಂಕಿ ಎಲ್ಲಿಂದ ಬಂತು ಎಂದು ಹೇಳಿ, ಒಪ್ಪಿದರೆ ತಕ್ಷಣ ಕೊಳ್ಳುತ್ತೇನೆ ಎಂದು ತಿಳಿಸಿ. ಉದಾಹರಣೆಗೆ:

‘ನಮಸ್ಕಾರ. ಲೆನ್ಸ್ ಚೆನ್ನಾಗಿ ಇಟ್ಟುಕೊಂಡಿದ್ದೀರಿ, ಫೋಟೋಗಳೂ ಸ್ಪಷ್ಟವಾಗಿವೆ. ಇತ್ತೀಚೆಗೆ ಇದೇ ಸ್ಥಿತಿಯ ಲೆನ್ಸ್‌ಗಳು ಶಿಪ್ಪಿಂಗ್ ಸೇರಿ 96ರಿಂದ 110ರ ನಡುವೆ ಹೋಗಿವೆ. ನಿಮ್ಮದರಲ್ಲಿ ಹಿಂದಿನ ಮುಚ್ಚಳ ಇಲ್ಲದ್ದರಿಂದ 78 ಕೇಳುತ್ತಿದ್ದೇನೆ, ಒಪ್ಪಿದರೆ ತಕ್ಷಣ ಕೊಳ್ಳುತ್ತೇನೆ. ಬೇರೆ ಅಂಕಿ ಮನಸ್ಸಿನಲ್ಲಿದ್ದರೆ ತಿಳಿಸಿ.’

ಕೊನೆಯ ಸಾಲು ಮುಖ್ಯ. ಬೇಡ ಎಂದು ಒತ್ತುವ ಬದಲು ಕೌಂಟರ್, ಅಂದರೆ ಪ್ರತಿಯಾಗಿ ತಮ್ಮ ಅಂಕಿ, ಕೊಡಲು ಅದು ದಾರಿ ಮಾಡುತ್ತದೆ. ವಸ್ತುವನ್ನು ಹೀಗಳೆಯಬೇಡಿ. ‘ಇಷ್ಟು ಗೀರು ಬಿದ್ದದ್ದಕ್ಕೆ ಯಾರು ಕೊಡ್ತಾರೆ’ ಎಂದರೆ ‘ಹಾಗಾದರೆ ನೀವ್ಯಾಕೆ ಕೇಳ್ತಿದ್ದೀರಿ’ ಎಂದು ಅನ್ನಿಸದೇ ಇರುತ್ತದಾ? ಸ್ಥಿತಿಯ ಬಗ್ಗೆ ಅನುಮಾನ ಇದ್ದರೆ ಆಫರ್‌ಗೂ ಮೊದಲೇ ಬೇರೆ ಸಂದೇಶದಲ್ಲಿ ಕೇಳಿ. ‘ಟಾರ್ಚ್ ಬೆಳಕು ಹಿಂದಿನಿಂದ ಬಿಟ್ಟು ಗಾಜಿನ ಒಂದು ಫೋಟೋ ಕಳಿಸುತ್ತೀರಾ?’ ಉತ್ತರ ತಾಣದ ಸಂದೇಶ ಪೆಟ್ಟಿಗೆಯಲ್ಲೇ ಇರಲಿ, ಮುಂದೆ ತಕರಾರು ಬಂದರೆ ಅದೇ ಸಾಕ್ಷಿ.

ಹೆಜ್ಜೆ 7: ಒತ್ತುವ ಮುನ್ನ

ಆಫರ್ ಅಂದರೆ ಮಾತು ಕೊಟ್ಟ ಹಾಗೆ. ಅವರು ಒಪ್ಪಿದ ಕ್ಷಣ ವಸ್ತು ನಿಮ್ಮದು, ದುಡ್ಡು ಕೊಡಲೇಬೇಕು. ಸುಮ್ನೆ ನೋಡೋಣ ಎಂದು ಒತ್ತುವ ಬಟನ್ ಅಲ್ಲ ಅದು. ಎಷ್ಟೋ ಕಡೆ ಆಫರ್ ಕೊಡುವಾಗಲೇ ಕಾರ್ಡ್ ವಿವರ, ವಿಳಾಸ ಕೇಳುತ್ತಾರೆ, ಒಪ್ಪಿದ ಕೂಡಲೇ ದುಡ್ಡು ಕಡಿತ ಆಗುತ್ತದೆ. ಹಳೆಯ ವಿಳಾಸ ಉಳಿದಿದೆಯಾ ನೋಡಿಕೊಳ್ಳಿ.

ಒಂದೇ ಥರದ ವಸ್ತುವಿಗೆ ಮೂರು ಜನರ ಹತ್ತಿರ ಒಟ್ಟಿಗೆ ಆಫರ್ ಇಟ್ಟರೆ ಮೂವರೂ ಒಪ್ಪಬಹುದು. ಆಗ ಮೂರು ಲೆನ್ಸ್ ನಿಮ್ಮ ಕೊರಳಿಗೆ. ಒಂದು ಮುಗಿದ ಮೇಲೆ ಇನ್ನೊಂದು.

ಇಬೇಯಲ್ಲಿ ಆಫರ್‌ನ ಆಯಸ್ಸು ಒಂದೆರಡು ದಿನ, ಅಥವಾ ಲಿಸ್ಟಿಂಗ್ ಮುಗಿಯುವವರೆಗೆ, ಯಾವುದು ಮೊದಲೋ ಅದು. ವಾಪಸ್ ತೆಗೆದುಕೊಳ್ಳಲು ಕಾರಣಗಳು ಕೆಲವೇ: ಅಂಕಿ ತಪ್ಪಾಗಿ ಟೈಪ್ ಮಾಡಿದ್ದು, ವಿವರಣೆಯನ್ನು ಮಾರುವವರು ಗಣನೀಯವಾಗಿ ಬದಲಿಸಿದ್ದು, ಅವರನ್ನು ಸಂಪರ್ಕಿಸಲು ಆಗದೇ ಇದ್ದದ್ದು. ಮನಸ್ಸು ಬದಲಾಯಿತು ಎನ್ನುವುದು ಆ ಪಟ್ಟಿಯಲ್ಲಿಲ್ಲ. 78ರ ಬದಲು 780 ಟೈಪ್ ಆಗಿದೆಯಾ ಎಂದು ಕೊನೆಯ ಪುಟದಲ್ಲಿ ಒಂದು ಸಲ ಬೆರಳಿಟ್ಟು ಓದಿ.

ಕೌಂಟರ್ ಬಂದಾಗ

ನಮ್ಮ ಲೆನ್ಸ್ ಕಥೆ ಮುಂದುವರಿಸೋಣ. 78ಕ್ಕೆ ಅವರು 108 ಎಂದು ಕೌಂಟರ್ ಕಳಿಸಿದರು. 120ರಿಂದ 12 ಇಳಿದರು. ಈಗ ನೀವು 88 ಅನ್ನಿ. 10 ಏರಿದಿರಿ, ಹೆಚ್ಚುಕಡಿಮೆ ಅವರಷ್ಟೇ. ಅವರು 96ಕ್ಕೆ ಬಂದರು. ಮಧ್ಯ 92, ಅದನ್ನೇ ಹೇಳಿ. ಒಪ್ಪಿದರೆ ಶಿಪ್ಪಿಂಗ್ ಸೇರಿ 107 ಆಯಿತು, ಬರೆದಿಟ್ಟ 110ರ ಒಳಗೇ ಇದೆ. ಐದರಲ್ಲಿ ಮೂರು ಆಫರ್ ಖರ್ಚಾಯಿತು.

ಪ್ರತಿ ಸುತ್ತಿನಲ್ಲೂ ಏರಿಕೆ ಚಿಕ್ಕದಾಗುತ್ತಾ ಹೋಗಬೇಕು: 10, ಆಮೇಲೆ 4. ಅದನ್ನು ನೋಡಿದವರಿಗೆ ನೀವು ಮಿತಿಯ ಹತ್ತಿರ ಬಂದಿದ್ದೀರಿ ಎಂದು ಹೇಳದೆಯೇ ಗೊತ್ತಾಗುತ್ತದೆ. 2, ಆಮೇಲೆ 12 ಎಂದು ಏರಿಸಿದರೆ ಇನ್ನೂ ಕಾದರೆ ಇನ್ನೂ ಬರುತ್ತದೆ ಎಂದು ಅವರು ಕೂರುತ್ತಾರೆ. ಅವರು 1 ಮಾತ್ರ ಇಳಿಸಿ 119 ಎಂದು ಕಳಿಸಿದರೆ ಅದು ಮರ್ಯಾದೆಯ ‘ಬೇಡ’. ಮುಂದುವರಿಸಬೇಡಿ, ವಾಚ್‌ಲಿಸ್ಟ್‌ನಲ್ಲಿ ಬಿಡಿ. ತಾಣಗಳಲ್ಲಿ ಮಾರುವವರು ವಸ್ತು ನೋಡುತ್ತಿರುವವರಿಗೆ ತಾವಾಗಿಯೇ ರಿಯಾಯಿತಿ ಆಫರ್ ಕಳಿಸುವ ಸೌಲಭ್ಯವೂ ಇದೆ. ಕೆಲವು ವಾರ ಕಾದವರಿಗೆ ಒಂದು ಬೆಳಗ್ಗೆ ಅದು ಬಂದುಬಿಡುತ್ತದೆ.

ಕೌಂಟರ್ ಕೈಯಲ್ಲಿದ್ದಾಗ ಸತಾಯಿಸುವುದರಿಂದ ಲಾಭವಿಲ್ಲ. ಮಿತಿಯೊಳಗಿದ್ದರೆ ಒಪ್ಪಿಬಿಡಿ. ಕೊನೆಯ 2ಕ್ಕಾಗಿ ಇನ್ನೊಂದು ಸುತ್ತು ಹೋಗುವ ಚಪಲ ನನಗೂ ಇದೆ, ಬಿಡಿಸಿಕೊಳ್ಳಲು ಪ್ರಯತ್ನಿಸುತ್ತಿದ್ದೇನೆ.

ಹೆಜ್ಜೆ 8: ಹರಾಜಿನ ವಸ್ತುವಿಗೆ ಆಫರ್

ಹರಾಜಿನ ಜೊತೆಗೇ ಆಫರ್ ಬಟನ್ ಇದ್ದರೆ ಅದು ಮೊದಲ ಬಿಡ್ ಬೀಳುವವರೆಗೆ ಮಾತ್ರ. ಒಬ್ಬರು ಬಿಡ್ ಮಾಡಿದರೆ ಬಟನ್ ಮಾಯ, ಆಮೇಲೆ ಹರಾಜೇ ಗತಿ. ಹಾಗಾಗಿ ಇಲ್ಲಿ ತಡ ಮಾಡಬಾರದು, ಜಿಪುಣತನವೂ ನಡೆಯದು. ಹರಾಜಿಗೆ ಬಿಟ್ಟರೆ ಎಷ್ಟು ಬರುತ್ತದೋ ಎಂಬ ಅನುಮಾನ ಮಾರುವವರಿಗೂ ಇರುತ್ತದೆ. ಆ ಅನುಮಾನ ನೀಗಿಸುವಷ್ಟು, ಅಂದರೆ ಚಾಲ್ತಿ ರೇಟಿನ ಹತ್ತಿರದ ಅಂಕಿ ಕೊಟ್ಟರೆ ಮಾತ್ರ ಅವರು ಹರಾಜು ನಿಲ್ಲಿಸಿ ನಿಮಗೆ ಕೊಟ್ಟಾರು.

ಬಟನ್ ಇಲ್ಲದ ಹರಾಜಿನಲ್ಲಿ, ಬಿಡ್ ಇನ್ನೂ ಬಿದ್ದಿಲ್ಲದಿದ್ದರೆ, ‘ನೇರ ಮಾರಾಟದ ಬೆಲೆ ಸೇರಿಸುತ್ತೀರಾ?’ ಎಂದು ಸಂದೇಶದಲ್ಲಿ ಕೇಳಬಹುದು. ಬಿಡ್‌ಗಳು ಬಿದ್ದ ಮೇಲೆ ಹಾಗೆ ಕೇಳುವುದು ಸರಿಯಲ್ಲ. ಇಬೇಯಲ್ಲಿ ಕೊನೆಯ 12 ಗಂಟೆಯೊಳಗೆ ಬಿಡ್‌ಗಳಿದ್ದರೆ ಅವನ್ನು ರದ್ದು ಮಾಡಿ ಹರಾಜು ಮುಗಿಸಲೂ ಬರುವುದಿಲ್ಲ. ಆಗ ನಿಮ್ಮ ಕಟ್ಟಕಡೆಯ ರೇಟಿನಲ್ಲಿ ಶಿಪ್ಪಿಂಗ್ ಕಳೆದು ಉಳಿದದ್ದನ್ನೇ ಗರಿಷ್ಠ ಬಿಡ್ ಆಗಿ ಹಾಕಿ ಪಕ್ಕಕ್ಕೆ ಸರಿಯಿರಿ. ಬೇಕಾದಷ್ಟೇ ಏರಿಸುವ ಕೆಲಸ ವ್ಯವಸ್ಥೆಯೇ ನೋಡಿಕೊಳ್ಳುತ್ತದೆ.

ಹರಾಜು ಯಾರೂ ಕೊಳ್ಳದೆ ಮುಗಿಯಿತಾ? ಆಫರ್‌ಗೆ ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ‘ಮತ್ತೆ ಹಾಕುವಾಗ ಆಫರ್ ಸೌಲಭ್ಯ ಇಡಿ, ನಾನು ಇಷ್ಟು ಕೊಡಲು ತಯಾರಿದ್ದೇನೆ’ ಎಂದು ಬರೆಯಿರಿ. ನೀವು ಸ್ವಲ್ಪದರಲ್ಲಿ ಸೋತ ಹರಾಜಾದರೆ, ಗೆದ್ದವರು ದುಡ್ಡು ಕೊಡದಿದ್ದಾಗ ಮಾರುವವರು ನಿಮ್ಮ ಬಿಡ್ ಮೊತ್ತಕ್ಕೇ ‘ಎರಡನೇ ಅವಕಾಶ’ ಕಳಿಸಬಹುದು. ಅದು ಅಸಲಿಯಾಗಿದ್ದರೆ ತಾಣದ ನಿಮ್ಮ ಸಂದೇಶ ಪೆಟ್ಟಿಗೆಯಲ್ಲಿ ಕಾಣಿಸಬೇಕು. ಬರೀ ಇಮೇಲ್‌ಗೆ ಬಂದು, ಬೇರೆ ಖಾತೆಗೆ ದುಡ್ಡು ಕಳಿಸಿ ಅಂದರೆ ಅದು ಮೋಸ.

‘ಹೊರಗಡೆ ಮುಗಿಸೋಣ’ ಅಂದರೆ

ಚೌಕಾಶಿ ಅರ್ಧಕ್ಕೆ ಬಂದಾಗ ಕೆಲವರು ಮೆಲ್ಲಗೆ ಹೇಳುತ್ತಾರೆ: ‘ಇಲ್ಲಿ ಕಮಿಷನ್ ಜಾಸ್ತಿ, ನೇರವಾಗಿ ಕಳಿಸಿ, ಇನ್ನೂ ಹತ್ತು ಕಮ್ಮಿ ಮಾಡ್ತೀನಿ.’ ಆಸೆ ಹುಟ್ಟಿಸುವ ಮಾತು. ತಾಣದ ನಿಯಮಕ್ಕೆ ವಿರುದ್ಧ ಎನ್ನುವುದು ಒಂದು. ಅದಕ್ಕಿಂತ ಮುಖ್ಯ, ಹೊರಗೆ ಕೊಟ್ಟ ದುಡ್ಡಿಗೆ ತಾಣದ ಹಣ ವಾಪಸಿ ರಕ್ಷಣೆ ಅನ್ವಯಿಸುವುದಿಲ್ಲ. ಡಬ್ಬಿಯಲ್ಲಿ ಇಟ್ಟಿಗೆ ಬಂದರೂ ಕೇಳುವವರಿಲ್ಲ. ಹತ್ತು ಉಳಿಸಲು ಹೋಗಿ ಪೂರ್ತಿ ಮೊತ್ತವನ್ನು ಪಣಕ್ಕಿಡುವುದು ಯಾವ ಲೆಕ್ಕ? ನೀವೂ ಹಾಗೆ ಕೇಳಬೇಡಿ, ಖಾತೆ ಅಮಾನತಾದೀತು.

ಹೆಜ್ಜೆ 9: ಒಪ್ಪಿದ ಮೇಲೆ

ತಾನಾಗಿ ಕಡಿತ ಆಗದಿದ್ದರೆ ಅವತ್ತೇ ದುಡ್ಡು ಕೊಡಿ. ಒಂದು ಸಾಲು ಬರೆಯಿರಿ: ‘ಧನ್ಯವಾದ, ಗಾಜಿನ ಎರಡೂ ಕಡೆ ಸ್ವಲ್ಪ ಜಾಸ್ತಿ ಹತ್ತಿ ಅಥವಾ ಬಬಲ್ ಹಾಳೆ ಇಟ್ಟು ಕಟ್ಟಿ.’ ಕೇಳಿಸಿಕೊಂಡವರು ಸಾಮಾನ್ಯವಾಗಿ ಹಾಗೇ ಮಾಡುತ್ತಾರೆ. ಮುಂದೆ ಅವರಲ್ಲೇ ಇನ್ನೊಂದು ವಸ್ತು ಕಂಡಾಗ ನಿಮ್ಮ ಹೆಸರು ಅವರಿಗೆ ನೆನಪಿರುತ್ತದೆ, ನನಗೆ ಆ 20ರ ಗಿರಾಕಿ ನೆನಪಿರುವ ಹಾಗೆ ಅಲ್ಲ, ಬೇರೆ ಥರ.

ಪಾರ್ಸಲ್ ಬಂದಾಗ ಬಿಚ್ಚುವುದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಅದೇ ದಿನ ಪರೀಕ್ಷೆ ಮಾಡಿ, ಅಟ್ಟದ ಮೇಲಿಟ್ಟು ಮರೆಯಬೇಡಿ. ವಿವರಣೆಗೆ ಹೊಂದದ ವಸ್ತು ಬಂದರೆ ಇಬೇಯಲ್ಲಿ ಸಾಮಾನ್ಯವಾಗಿ 30 ದಿನಗಳೊಳಗೆ ದೂರು ಕೊಡಬೇಕು. ಅದಕ್ಕೂ ಮೊದಲು ಮಾರುವವರಿಗೆ ಫೋಟೋ ಸಮೇತ ತಿಳಿಸಿ. ನಿಜವಾದ ದೋಷ ಇದ್ದರೆ ವಾಪಸಿ ಕೇಳುವುದು ನಿಮ್ಮ ಹಕ್ಕು. ಲಿಸ್ಟಿಂಗ್ ಫೋಟೋದಲ್ಲೇ ಕಾಣುತ್ತಿದ್ದ ಗೀರು ತೋರಿಸಿ ‘ಇನ್ನೊಂದು 15 ವಾಪಸ್ ಕೊಡಿ’ ಅನ್ನುವುದು ಚೌಕಾಶಿ ಅಲ್ಲ, ಸುಲಿಗೆ. ಚೌಕಾಶಿ 92 ಎಂದು ಒಪ್ಪಿದ ಕ್ಷಣಕ್ಕೇ ಮುಗಿದಿರುತ್ತದೆ.